ಪ್ರೀತಿಯಿಂದ ಕೊಟ್ಟರೆ ಸಾಲದು, ಕಾಗದವೂ ಸರಿಯಿರಬೇಕು

ಪ್ರಶ್ನೆ: ನಮ್ಮೂರು ಕೈವಾರ. ನನಗೆ 27 ವರ್ಷ. ಚಿಂತಾಮಣಿಯ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಪಾಠ ಹೇಳುತ್ತೇನೆ. ನಮ್ಮಮ್ಮನ ಭಜನಾ ಮಂಡಳಿಯವರು ಹುಣ್ಣಿಮೆಗೊಮ್ಮೆ ನಮ್ಮೂರಿನ ಸಂತಕವಿ ತಾತಯ್ಯನವರ ಕೀರ್ತನೆಗಳನ್ನು ಹಾಡುತ್ತಾರೆ. ಅದನ್ನು ಕೇಳುತ್ತಲೇ ಬೆಳೆದವನು ನಾನು. ಎರಡು ವರ್ಷ ರಾತ್ರಿ ಹೊತ್ತು ಕೂತು ಒಂದು ಸಾಫ್ಟ್‌ವೇರ್ ಮಾಡಿದ್ದೇನೆ. ಕೀರ್ತನೆ ತೆರೆದರೆ ಸಾಹಿತ್ಯ ಕಾಣುತ್ತದೆ, ಅಮ್ಮನ ಮಂಡಳಿಯವರ ಹಾಡು ಕೇಳುತ್ತದೆ, ಕನ್ನಡ ಪದ ಮುಟ್ಟಿದರೆ ಅರ್ಥ ಬರುತ್ತದೆ. ಇಂಟರ್‌ನೆಟ್ ಬೇಕಿಲ್ಲ. ಡೆಬಿಯನ್ ಎಂಬ ಮುಕ್ತ ಆಪರೇಟಿಂಗ್ ಸಿಸ್ಟಂಗೆ ಸೇರಿಸಿದರೆ ಯಾವ ಊರಿನ ಶಾಲೆಯವರಾದರೂ ಇಳಿಸಿಕೊಳ್ಳಬಹುದು ಎಂಬ ಆಸೆಯಿಂದ ಪ್ಯಾಕೇಜ್ ಮಾಡಿ, ಅಲ್ಲಿನ ಒಬ್ಬ ಸ್ವಯಂಸೇವಕರಿಗೆ ತೋರಿಸಿದೆ. ಅವರು ಮೆಚ್ಚಿಕೊಂಡರು. ಆದರೆ ಪ್ರತಿಯೊಂದು ಕಡತದ ಲೈಸೆನ್ಸ್ ಏನು ಎಂದು ಕೇಳಿದರು. ಫಾಂಟ್ ಜೊತೆ ‘ವೈಯಕ್ತಿಕ ಬಳಕೆಗೆ ಮಾತ್ರ ಉಚಿತ’ ಎಂದು ಬರೆದಿದೆ. ಒಂದು ಸಣ್ಣ ಲೈಬ್ರರಿಯಲ್ಲಿ ‘ಒಳ್ಳೆಯದಕ್ಕೆ ಬಳಸಬೇಕು, ಕೆಟ್ಟದ್ದಕ್ಕಲ್ಲ’ ಎಂಬ ಷರತ್ತಿದೆ. ಪದಗಳ ಅರ್ಥಕ್ಕೆ ‘ಅಲರ್’ ನಿಘಂಟು ಬಳಸಿದ್ದೇನೆ. ಸಾಹಿತ್ಯವನ್ನು ಒಂದು ಪುಸ್ತಕದಿಂದ ಟೈಪ್ ಮಾಡಿದೆ, ಅದರ ಮುನ್ನುಡಿಯನ್ನೂ ಹಾಕಿದ್ದೇನೆ. ಹುಡುಕುವ ಭಾಗವನ್ನು ಬೆಂಗಳೂರಿನ ಕಂಪನಿಯೊಂದರಲ್ಲಿರುವ ನಮ್ಮ ಚಿಕ್ಕಪ್ಪನ ಮಗ ಬರೆದುಕೊಟ್ಟ. ಇಡೀ ಕೆಲಸಕ್ಕೆ ನಾನೇ ಒಂದು ಷರತ್ತು ಸೇರಿಸಿದ್ದೆ: ಯಾರೂ ಮಾರಬಾರದು, ಒಂದಕ್ಷರವನ್ನೂ ಬದಲಿಸಬಾರದು. ಹೀಗಿದ್ದರೆ ಆಗುವುದಿಲ್ಲ ಎಂದರು. ‘ಎಲ್ಲದರ ಮೇಲೂ ಜಿಪಿಎಲ್ ಲೈಸೆನ್ಸ್ ಅಂತ ಬರೆದುಬಿಡು, ಯಾರು ನೋಡ್ತಾರೆ?’ ಅನ್ನುತ್ತಾನೆ ತಮ್ಮ. ಅಮ್ಮ ದಿನವೂ ‘ಯಾವಾಗ ಬರುತ್ತಪ್ಪ?’ ಎಂದು ಕೇಳುತ್ತಾರೆ. ಗೊತ್ತಿಲ್ಲದೆ ನಾನು ಕಳ್ಳತನ ಮಾಡಿದೆನಾ? ದೇವರ ಹಾಡನ್ನು ಮಾರಬೇಡಿ ಅನ್ನುವುದೂ ತಪ್ಪಾ?
— ಹೆಸರು ಬೇಡ, ಕೈವಾರ

ಉತ್ತರ: ಮೊದಲು ನಿಶ್ಚಿಂತೆಯಿಂದ ಒಂದು ರಾತ್ರಿ ನಿದ್ದೆ ಮಾಡಿ. ನೀವು ಕಳ್ಳತನ ಮಾಡಿಲ್ಲ. ಹಂಚುವ ಮೊದಲೇ ತೋರಿಸಿದ್ದೀರಿ, ಕೇಳಿದ ಪ್ರಶ್ನೆಗೆ ಮುಚ್ಚಿಡದೆ ಉತ್ತರ ಹೇಳಿದ್ದೀರಿ, ಉತ್ತರ ಸಾಲದೆಂದು ಗೊತ್ತಾದಾಗ ನಿಂತಿದ್ದೀರಿ. ಆ ಸ್ವಯಂಸೇವಕರು ನಿಮ್ಮನ್ನು ತಿರಸ್ಕರಿಸಿಲ್ಲ. ಮನೆ ಕಟ್ಟುವ ಮೊದಲು ನಿವೇಶನದ ಪತ್ರ ತೋರಿಸಿ ಎಂದಿದ್ದಾರೆ, ಅಷ್ಟೆ.

ನಿಮ್ಮ ಚಿಂತಾಮಣಿ ತಾಲ್ಲೂಕಿನಲ್ಲಿ ಒಂದೆಕರೆ ಜಮೀನು ಕೊಳ್ಳುವವರು ಏನು ಮಾಡುತ್ತಾರೆ? ಮಾರುವವರು ಎಷ್ಟೇ ಒಳ್ಳೆಯವರಾಗಲಿ, ಪಹಣಿ ನೋಡುತ್ತಾರೆ, ಮೂಲ ಪತ್ರ ಕೇಳುತ್ತಾರೆ, ಸಬ್‌ ರಿಜಿಸ್ಟ್ರಾರ್ ಕಚೇರಿಯಿಂದ ಇ.ಸಿ. ತೆಗೆಸುತ್ತಾರೆ. ಅಣ್ಣತಮ್ಮಂದಿರ ಭಾಗ ಉಳಿದಿದೆಯೇ ಎಂದು ವಿಚಾರಿಸುತ್ತಾರೆ. ಅದು ಅನುಮಾನವಲ್ಲ, ಮುಂದೆ ಮಕ್ಕಳು ಕೋರ್ಟು ಅಲೆಯದಿರಲಿ ಎಂಬ ಎಚ್ಚರ. ಸಾಫ್ಟ್‌ವೇರಿನ ಲೈಸೆನ್ಸ್ ನೋಡುವುದೂ ಇಂಥದೇ ಎಚ್ಚರ. ನಿಮ್ಮ ತಮ್ಮನ ಸಲಹೆಯನ್ನು ಇದೇ ಕಣ್ಣಿನಿಂದ ನೋಡಿ: ಪಕ್ಕದವರ ಹೊಲವನ್ನೂ ಸೇರಿಸಿ ಕ್ರಯಪತ್ರ ಬರೆದುಕೊಟ್ಟರೆ ಹೊಲ ಕೊಂಡವರದಾಗುವುದಿಲ್ಲ, ಬರೆದವರು ಸಿಕ್ಕಿಬೀಳುತ್ತಾರೆ. ನಿಮ್ಮದಲ್ಲದ ಫಾಂಟಿನ ಮೇಲೆ, ಇನ್ನೊಬ್ಬರ ಮುನ್ನುಡಿಯ ಮೇಲೆ ನೀವು ಜಿಪಿಎಲ್ ಎಂದು ಬರೆದರೆ ಆ ಬರಹಕ್ಕೆ ಬೆಲೆಯಿಲ್ಲ. ಕೆಟ್ಟದ್ದೇನೆಂದರೆ, ನಿಮ್ಮನ್ನು ನಂಬಿ ಹಂಚಿದವರೆಲ್ಲ ತಪ್ಪಿತಸ್ಥರಾಗುತ್ತಾರೆ.

ಕೊನೆಯ ಕೈ

ಲೈಸೆನ್ಸ್ ಓದುವಾಗ ನಮ್ಮಲ್ಲಿ ಹೆಚ್ಚಿನವರು ‘ನಾನು ಇದನ್ನು ಬಳಸಬಹುದಾ?’ ಎಂದು ಕೇಳುತ್ತಾರೆ, ಹೌದು ಎಂದು ಕಂಡ ಕೂಡಲೇ ಓದುವುದನ್ನು ನಿಲ್ಲಿಸುತ್ತಾರೆ. ಪ್ಯಾಕೇಜ್ ಮಾಡುವವರು ಕೇಳಬೇಕಾದ ಪ್ರಶ್ನೆ ಬೇರೆ. ನನ್ನಿಂದ ಪಡೆದವರು, ಅವರಿಂದ ಪಡೆದವರು, ನನಗೆ ಮುಖವೂ ಗೊತ್ತಿಲ್ಲದ ಕೊನೆಯವರು ಇದನ್ನು ಬಳಸಬಹುದಾ? ತಿದ್ದಬಹುದಾ? ಹಂಚಬಹುದಾ? ಬೇಕಾದರೆ ಮಾರಬಹುದಾ?

ಡೆಬಿಯನ್‌ನವರು 1997ರಲ್ಲಿ ಬರೆದುಕೊಂಡ ಸಾಮಾಜಿಕ ಒಪ್ಪಂದ ಮತ್ತು ಅದರೊಳಗಿನ ಹತ್ತು ಮಾರ್ಗಸೂಚಿಗಳ ತಿರುಳು ಇದು. ಮರುವರ್ಷ ರೂಪುಗೊಂಡ ‘ಓಪನ್ ಸೋರ್ಸ್’ ವ್ಯಾಖ್ಯೆಗೂ ಆ ಮಾರ್ಗಸೂಚಿಗಳೇ ಆಧಾರ. ಹಂಚಲು ತಡೆ ಇರಬಾರದು, ಸೋರ್ಸ್ ಕೋಡ್ ಇರಬೇಕು, ತಿದ್ದಲು ಬಿಡಬೇಕು, ಯಾವ ವ್ಯಕ್ತಿಯನ್ನೂ ಗುಂಪನ್ನೂ ಹೊರಗಿಡಬಾರದು, ಯಾವ ಕೆಲಸಕ್ಕೆ ಬಳಸಬೇಕು ಎಂದು ಕಟ್ಟು ಹಾಕಬಾರದು, ನಿಮಗೆ ಸಿಕ್ಕ ಹಕ್ಕು ನಿಮ್ಮಿಂದ ಪಡೆದವರಿಗೂ ತಾನಾಗಿಯೇ ಸಿಗಬೇಕು. ‘ಡೆಬಿಯನ್‌ಗೆ ಮಾತ್ರ ಕೊಟ್ಟಿದ್ದೇವೆ’ ಎಂಬ ಅನುಮತಿಯೂ ಅವರಿಗೆ ಬೇಡ.

ಇಷ್ಟು ಬಿಗಿ ಏಕೆ ಎಂದು ನಿಮಗೆ ಅನ್ನಿಸಬಹುದು. ಡೆಬಿಯನ್‌ಗೆ ಸೇರಿದ್ದು ಅಲ್ಲಿಗೇ ನಿಲ್ಲುವುದಿಲ್ಲ. ಉಬುಂಟು ಡೆಬಿಯನ್‌ನಿಂದ ಕವಲೊಡೆದದ್ದು. ಉಬುಂಟುವಿನ ಮೇಲೆ ಕೇರಳ ತನ್ನ ಶಾಲೆಗಳಿಗಾಗಿ ಕೈಟ್ ಗ್ನು/ಲಿನಕ್ಸ್ ಕಟ್ಟಿಕೊಂಡಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕೂರುವ ಕಂಪ್ಯೂಟರಿನಲ್ಲೂ ಅದೇ ಇದೆ. ಕೈವಾರದಲ್ಲಿ ನಿಮ್ಮ ಅಮ್ಮ ಹಾಡಿದ ಕೀರ್ತನೆ ಆ ಮಕ್ಕಳ ಕಿವಿಗೆ ಬೀಳಬಹುದು. ನಡುವೆ ಎಷ್ಟೋ ಕೈ ದಾಟಿರುತ್ತದೆ. ಅಷ್ಟು ಕೈಗಳವರೂ ನಿಮಗೆ ಫೋನ್ ಮಾಡಿ ಅನುಮತಿ ಕೇಳಲಾರರು. ಕೊನೆಯ ಕೈಗೂ ಸಲ್ಲುವ ಹಾಗೆ ಮೊದಲೇ ಬರೆದಿಡುವುದಕ್ಕೇ ಲೈಸೆನ್ಸ್ ಇರುವುದು.

ಈಗ ಒಂದೊಂದಾಗಿ

ಫಾಂಟ್. ‘ವೈಯಕ್ತಿಕ ಬಳಕೆಗೆ ಉಚಿತ’ ಎಂದರೆ ದುಡ್ಡು ಬೇಡ ಎಂದಷ್ಟೇ, ಹಂಚಲು ಅಪ್ಪಣೆ ಕೊಟ್ಟ ಹಾಗಲ್ಲ. ಹಂಚುವ ಅಪ್ಪಣೆಯೇ ಇಲ್ಲದ್ದು ಡೆಬಿಯನ್‌ನ ಮುಖ್ಯ ಭಾಗಕ್ಕಿರಲಿ, ಪಕ್ಕದ ‘ನಾನ್‌-ಫ್ರೀ’ ಭಾಗಕ್ಕೂ ಸಲ್ಲುವುದಿಲ್ಲ. ಉಚಿತಕ್ಕೂ ಮುಕ್ತಕ್ಕೂ ಇರುವ ವ್ಯತ್ಯಾಸ ಕನ್ನಡಿಗರಿಗೆ ಹೊಸದಲ್ಲ. 1998ರಲ್ಲಿ ಬಂದ ‘ಬರಹ’ ಎಷ್ಟೋ ವರ್ಷ ಕಾಸಿಲ್ಲದೆ ಸಿಕ್ಕಿತು, ಲಕ್ಷಾಂತರ ಜನರಿಗೆ ಕನ್ನಡ ಟೈಪಿಸಲು ಕಲಿಸಿತು. ಆ ಉಪಕಾರ ದೊಡ್ಡದು. ಆದರೆ ಅದರ ಸೋರ್ಸ್ ಕೋಡ್ ತೆರೆದಿರಲಿಲ್ಲ, ತಿದ್ದಿ ಹಂಚುವ ಹಕ್ಕು ನಮಗಿರಲಿಲ್ಲ. ನಿಮಗೆ ಪರಿಹಾರ ಹತ್ತಿರದಲ್ಲೇ ಇದೆ. ಗುಬ್ಬಿ, ನವಿಲು, ಲೋಹಿತ್ ಕನ್ನಡ — ಈ ಮೂರೂ ಫಾಂಟ್‌ಗಳು ಡೆಬಿಯನ್‌ನಲ್ಲಿ ಈಗಾಗಲೇ ಇವೆ. ಲೋಹಿತ್ ಫಾಂಟ್‌ಗಳು ಮೊದಲು ಜಿಪಿಎಲ್ ಅಡಿಯಲ್ಲಿದ್ದವು, 2011ರಲ್ಲಿ ಫಾಂಟ್‌ಗಳಿಗೆಂದೇ ಬರೆದ ಓಎಫ್ಎಲ್ ಲೈಸೆನ್ಸಿಗೆ ಬಂದವು. ನಿಮ್ಮ ಸಾಹಿತ್ಯ ಯೂನಿಕೋಡ್‌ನಲ್ಲಿದ್ದರೆ ಫಾಂಟ್ ಬದಲಿಸುವುದು ಒಂದು ಗಂಟೆಯ ಕೆಲಸ. ಹಳೆಯ ಆಸ್ಕಿ ವಿಧಾನದಲ್ಲಿ ಟೈಪ್ ಮಾಡಿದ್ದರೆ ಮೊದಲು ಪರಿವರ್ತಿಸಿ, ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಕಣ್ಣಿಟ್ಟು ನೋಡಿ. ಫಾಂಟನ್ನು ನಿಮ್ಮ ಪ್ಯಾಕೇಜಿನೊಳಗೆ ತುಂಬಬೇಡಿ, ಅಲ್ಲಿರುವ ಫಾಂಟ್ ಪ್ಯಾಕೇಜ್ ಬೇಕು ಎಂದು ಸೂಚಿಸಿದರೆ ಸಾಕು. ಹಳೆಯ ಫಾಂಟೇ ಬೇಕು, ಅದಿಲ್ಲದೆ ನಡೆಯದು ಎಂದು ಹಟ ಹಿಡಿದರೆ ಮುಖ್ಯ ಭಾಗದಲ್ಲಿ ನಿಮಗೆ ಜಾಗ ಸಿಗುವುದಿಲ್ಲ.

‘ಒಳ್ಳೆಯದಕ್ಕೆ ಮಾತ್ರ’ ಎಂಬ ಲೈಬ್ರರಿ. ಇದು ಹೆಸರುವಾಸಿ ಪ್ರಕರಣ. ಡಗ್ಲಸ್ ಕ್ರಾಕ್‌ಫರ್ಡ್ ಅವರ ಜೇಸನ್ ಲೈಸೆನ್ಸಿನ ಒಂದು ಸಾಲು ಅದು. ಸದುದ್ದೇಶದ ಮಾತು, ನಿಜ. ಆದರೆ ಒಳ್ಳೆಯದು ಯಾವುದು ಎಂದು ತೀರ್ಮಾನಿಸುವವರು ಯಾರು? ಆ ಸಾಲು ಬಳಕೆಯ ಕ್ಷೇತ್ರಕ್ಕೆ ಕಟ್ಟು ಹಾಕುತ್ತದೆ, ಆದ್ದರಿಂದ ಮುಕ್ತವಲ್ಲ ಎಂದು ಡೆಬಿಯನ್ ಹೇಳಿತು. ಅಪಾಚೆ ಪ್ರತಿಷ್ಠಾನವೂ 2016ರಲ್ಲಿ ತನ್ನ ಯೋಜನೆಗಳಲ್ಲಿ ಅದನ್ನು ನಿಷೇಧಿಸಿತು. ಆ ಲೈಸೆನ್ಸಿನಲ್ಲಿದ್ದ ಕ್ರಾಕ್‌ಫರ್ಡ್ ಅವರ ಜಾವಾ ಲೈಬ್ರರಿಯೇ 2022ರಲ್ಲಿ ಷರತ್ತು ಬಿಟ್ಟು ಸಾರ್ವಜನಿಕ ಸ್ವತ್ತಾಯಿತು. ನೀವು ಬಳಸಿರುವುದು ಅದೇ ಆದರೆ ಹೊಸ ಆವೃತ್ತಿ ಹಾಕಿಕೊಳ್ಳಿ. ಬೇರೆಯದಾದರೆ ಅದೇ ಕೆಲಸ ಮಾಡುವ ಮುಕ್ತ ಲೈಬ್ರರಿಗಳು ಬೇಕಾದಷ್ಟಿವೆ. ಒಂದು ಮಾತು ನೆನಪಿಡಿ: ಕೋಡ್ ಎಲ್ಲರಿಗೂ ಕಾಣುವಂತೆ ಇಟ್ಟಿದ್ದು ಲೈಸೆನ್ಸೇ ಇಲ್ಲದಿದ್ದರೆ ಅದು ಎಲ್ಲರದ್ದು ಎಂದಲ್ಲ, ಎಲ್ಲ ಹಕ್ಕೂ ಬರೆದವರದ್ದು ಎಂದರ್ಥ. ನಮ್ಮ ಕಾಯ್ದೆಯಲ್ಲಿ ಹಕ್ಕುಸ್ವಾಮ್ಯಕ್ಕೆ ನೋಂದಣಿ ಬೇಕಿಲ್ಲ, ಬರೆದ ಕ್ಷಣವೇ ಹುಟ್ಟುತ್ತದೆ. ಎರಡು ಮುಕ್ತ ಲೈಸೆನ್ಸ್‌ಗಳು ಒಂದಕ್ಕೊಂದು ಹೊಂದದೆಯೂ ಇರಬಹುದು. ಅಪಾಚೆ 2.0 ಲೈಸೆನ್ಸಿನ ಕೋಡ್ ಜಿಪಿಎಲ್ 3ರ ಜೊತೆ ಸೇರುತ್ತದೆ, ‘ಜಿಪಿಎಲ್ 2 ಮಾತ್ರ’ ಎಂದಿರುವುದರ ಜೊತೆ ಸೇರುವುದಿಲ್ಲ.

ಅಲರ್. ಇಲ್ಲಿ ನೀವು ಪುಣ್ಯವಂತರು. ವಿ. ಕೃಷ್ಣ ಅವರು ದಶಕಗಟ್ಟಲೆ ಕೂತು ಸಂಗ್ರಹಿಸಿದ ಈ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳಿವೆ. 2019ರಲ್ಲಿ ಅದನ್ನು ಓಪನ್ ಡೇಟಾಬೇಸ್ ಲೈಸೆನ್ಸ್ ಅಡಿಯಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು. ಆ ಲೈಸೆನ್ಸ್ ಕೇಳುವುದು ಮೂರನ್ನು. ಮೂಲ ಯಾವುದೆಂದು ಹೆಸರಿಸಬೇಕು. ಪದಪಟ್ಟಿಯನ್ನು ತಿದ್ದಿ ಬೆಳೆಸಿ ಹಂಚಿದರೆ ಅದನ್ನೂ ಅದೇ ಲೈಸೆನ್ಸಿನಲ್ಲಿ ಕೊಡಬೇಕು. ತಾಂತ್ರಿಕ ಬೀಗ ಹಾಕಿ ಕೊಟ್ಟರೆ ಬೀಗವಿಲ್ಲದ ಪ್ರತಿಯನ್ನೂ ಕೊಡಬೇಕು. ಮಾರಬಾರದು ಎಂದು ಅದು ಹೇಳುವುದಿಲ್ಲ. ಮೂರೂ ನೀವು ಪಾಲಿಸಬಲ್ಲವೇ. ನಿಘಂಟಿನ ದತ್ತಾಂಶವನ್ನು ನಿಮ್ಮ ಕೋಡ್‌ನಿಂದ ಬೇರೆ ಕಡತದಲ್ಲಿಡಿ, ಅದರ ಲೈಸೆನ್ಸನ್ನು ಬೇರೆಯಾಗಿ ನಮೂದಿಸಿ.

ಸಾಹಿತ್ಯ ಮತ್ತು ಮುನ್ನುಡಿ. ತಾತಯ್ಯನವರು 1726ರಿಂದ 1836ರವರೆಗೆ ಬದುಕಿದ್ದರು ಎಂದು ಪರಂಪರೆ ಹೇಳುತ್ತದೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಲೇಖಕರು ತೀರಿಕೊಂಡ ಮೇಲೆ 60 ವರ್ಷದವರೆಗೆ ಹಕ್ಕು ಇರುತ್ತದೆ. ಕೀರ್ತನೆಗಳ ಮೂಲ ಪಾಠಕ್ಕೆ ಈಗ ಯಾರ ಅಪ್ಪಣೆಯೂ ಬೇಕಿಲ್ಲ. ಆದರೆ ಈ ಕಾಲದವರು ಬರೆದ ಮುನ್ನುಡಿ, ಟಿಪ್ಪಣಿ, ತಾತ್ಪರ್ಯ ಅವರವೇ. ಸಂಪಾದಕರ ಕೆಲಸಕ್ಕೆ ಹಕ್ಕು ಎಲ್ಲಿಂದ ಶುರುವಾಗುತ್ತದೆ ಎಂಬುದನ್ನು ಸುಪ್ರೀಂ ಕೋರ್ಟ್ 2007ರಲ್ಲಿ ಈಸ್ಟರ್ನ್ ಬುಕ್ ಕಂಪನಿ ಪ್ರಕರಣದಲ್ಲಿ ವಿಚಾರಿಸಿತು. ಬರಿಯ ಅಕ್ಷರದೋಷ ತಿದ್ದಿದ ಶ್ರಮ ಸಾಲದು, ವಿವೇಚನೆಯ ಜೊತೆಗೆ ಒಂದಿಷ್ಟು ಸೃಜನಶೀಲತೆಯೂ ಇರಬೇಕು ಎಂದಿತು. ಸಂಪಾದಕರು ಪಾಠಾಂತರಗಳನ್ನು ತೂಗಿ ಆರಿಸಿದ್ದರೆ, ಹೊಸದಾಗಿ ವಿಂಗಡಿಸಿದ್ದರೆ, ಅಲ್ಲಿ ಅವರ ಹಕ್ಕಿರಬಹುದು. ಮುನ್ನುಡಿಯನ್ನು ಈಗಲೇ ತೆಗೆಯಿರಿ. ಪಾಠದ ವಿಷಯದಲ್ಲಿ ಆ ಪ್ರಕಾಶಕರನ್ನು ನೇರವಾಗಿ ಕೇಳಿ. ಕೇಳಿದರೆ ಕೊಡುವವರು ನಮ್ಮಲ್ಲಿದ್ದಾರೆ. ಮೈಸೂರು ವಿಶ್ವವಿದ್ಯಾನಿಲಯ ತನ್ನ ಕನ್ನಡ ವಿಶ್ವಕೋಶವನ್ನು 2014ರಲ್ಲಿ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್ ಅಡಿ ಬಿಟ್ಟುಕೊಟ್ಟದ್ದು ನಮ್ಮ ಕಣ್ಣೆದುರಿನ ಉದಾಹರಣೆ.

ಚಿಕ್ಕಪ್ಪನ ಮಗ ಬರೆದ ಕೋಡ್. ಇದನ್ನು ಮನೆಯ ವಿಷಯ ಎಂದು ಹಗುರವಾಗಿ ನೋಡಬೇಡಿ. ನೌಕರಿಯ ಭಾಗವಾಗಿ ಬರೆದದ್ದಕ್ಕೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಮೊದಲ ಹಕ್ಕುದಾರರು ಕೆಲಸ ಕೊಟ್ಟವರು ಎನ್ನುತ್ತದೆ ಕಾಯ್ದೆಯ 17ನೇ ಕಲಂ. ರಾತ್ರಿ ಮನೆಯಲ್ಲಿ ಸ್ವಂತ ಲ್ಯಾಪ್‌ಟಾಪಿನಲ್ಲಿ ಬರೆದಿದ್ದರೂ ಅವನು ಸಹಿ ಹಾಕಿದ ನೇಮಕಾತಿ ಒಪ್ಪಂದದಲ್ಲಿ ಬೇರೆ ಮಾತಿರಬಹುದು. ಅದನ್ನು ತೆಗೆದು ಓದಲು ಹೇಳಿ. ಅನುಮಾನ ಉಳಿದರೆ ಕಂಪನಿಯಿಂದ ಒಂದು ಇಮೇಲ್ ಒಪ್ಪಿಗೆ ತರಿಸಲಿ. ಇಲ್ಲವಾದರೆ ಆ ಭಾಗವನ್ನು, ಅವನ ಕೋಡ್ ನೋಡದೆ, ನೀವೇ ಹೊಸದಾಗಿ ಬರೆಯಿರಿ.

ಅಮ್ಮನ ಮಂಡಳಿಯ ಧ್ವನಿ

ಇದು ಎಲ್ಲಕ್ಕಿಂತ ಸುಲಭ ಎಂದುಕೊಂಡಿರುತ್ತೀರಿ. ಆದರೆ ಅತಿ ಹೆಚ್ಚು ಎಚ್ಚರ ಬೇಕಾದದ್ದು ಇಲ್ಲೇ. ಧ್ವನಿಮುದ್ರಣ ನಿಮ್ಮದು. ಹಾಡಿದವರಿಗೆ ಪ್ರದರ್ಶಕರ ಹಕ್ಕು ಎಂಬುದು ಬೇರೆಯೇ ಇದೆ, 50 ವರ್ಷ ಬಾಳುತ್ತದೆ. ‘ಅವರೆಲ್ಲ ನಮ್ಮ ಅತ್ತೆ, ದೊಡ್ಡಮ್ಮಂದಿರೇ, ಬೇಡ ಅನ್ನುತ್ತಾರಾ?’ ಎಂಬುದು ನಿಜ. ಆದರೆ ಅವರು ಒಪ್ಪಿದ್ದು ಯಾವುದಕ್ಕೆ? ಮೊಬೈಲಿನಲ್ಲಿ ಕೇಳಲಿಕ್ಕೋ, ಜಗತ್ತಿನಲ್ಲಿ ಯಾರು ಬೇಕಾದರೂ ನಕಲು ಮಾಡಲಿಕ್ಕೋ? ಮುಂದಿನ ಹುಣ್ಣಿಮೆಗೆ ಭಜನೆ ಮುಗಿದ ಮೇಲೆ ಕೂರಿಸಿಕೊಂಡು ಹೇಳಿ: ಇದು ಊರು ದಾಟುತ್ತದೆ, ಯಾರಾದರೂ ಇದನ್ನು ಬಳಸಿ ಸಿ.ಡಿ. ಮಾಡಿ ಮಾರಲೂಬಹುದು, ನಿಮ್ಮ ಹೆಸರು ಇರುತ್ತದೆ, ದುಡ್ಡು ಬರುವುದಿಲ್ಲ, ಒಮ್ಮೆ ಕೊಟ್ಟ ಮೇಲೆ ವಾಪಸು ತೆಗೆಯಲಾಗದು. ಒಪ್ಪಿದವರ ಧ್ವನಿ ಇರಲಿ. ಒಬ್ಬರು ಬೇಡವೆಂದರೂ ಅವರು ಹಾಡಿದ್ದನ್ನು ಬಿಟ್ಟು ಮತ್ತೆ ಧ್ವನಿಮುದ್ರಿಸಿ. ಬೇಸರ ಮಾಡಿಕೊಳ್ಳಬೇಡಿ, ಅದು ಅವರ ಹಕ್ಕು.

ಒಪ್ಪಿಗೆಯನ್ನು ಕಾಗದದ ಮೇಲೆ ಪಡೆಯಿರಿ. ನಮ್ಮ ಕಾಯ್ದೆಯಲ್ಲಿ ಬಹಳ ಜನ ಗಮನಿಸದ ಒಂದು ಮಾತಿದೆ. 19ನೇ ಕಲಂ ಪ್ರಕಾರ ಹಕ್ಕು ವರ್ಗಾಯಿಸುವ ಪತ್ರದಲ್ಲಿ ಅವಧಿ ಬರೆಯದಿದ್ದರೆ ಅದು ಐದು ವರ್ಷ ಮಾತ್ರ, ಪ್ರದೇಶ ಬರೆಯದಿದ್ದರೆ ಭಾರತದೊಳಗೆ ಮಾತ್ರ ಎಂದು ಭಾವಿಸಲಾಗುತ್ತದೆ. 30ಎ ಕಲಂ ಈ ನಿಯಮವನ್ನು ಅನುಮತಿ ಪತ್ರಗಳಿಗೂ ಹಚ್ಚುತ್ತದೆ. ‘ನಮ್ಮ ಹಾಡನ್ನು ಬಳಸಿಕೊಳ್ಳಲು ಒಪ್ಪಿಗೆ ಇದೆ’ ಎಂಬ ಒಂದು ಸಾಲಿನ ಚೀಟಿ ಐದು ವರ್ಷಕ್ಕೆ ಸತ್ತುಹೋಗಬಹುದು. ಆದ್ದರಿಂದ ಪತ್ರದಲ್ಲಿ ಇಷ್ಟು ಸ್ಪಷ್ಟವಾಗಿರಲಿ: ಯಾವ ಯಾವ ಹಾಡು, ಯಾವ ಲೈಸೆನ್ಸ್, ಹಕ್ಕು ಇರುವಷ್ಟು ಕಾಲ, ಇಡೀ ಜಗತ್ತಿಗೆ, ವ್ಯಾಪಾರ ಮತ್ತು ಮಾರ್ಪಾಡೂ ಸೇರಿದಂತೆ. ಕನ್ನಡದಲ್ಲೇ ಬರೆಯಿರಿ, ಓದಿ ಹೇಳಿ, ಸಹಿ ಮತ್ತು ದಿನಾಂಕ ಹಾಕಿಸಿ, ಅವರಿಗೂ ಒಂದು ಪ್ರತಿ ಕೊಡಿ. ಕರಡನ್ನು ಒಮ್ಮೆ ವಕೀಲರಿಗೆ ತೋರಿಸಿದರೆ ಇನ್ನೂ ಒಳ್ಳೆಯದು.

ನಿಮ್ಮದೇ ಷರತ್ತು

ಈಗ ನಿಮ್ಮನ್ನು ನಿಜವಾಗಿ ನೋಯಿಸಿದ ಮಾತಿಗೆ ಬರುತ್ತೇನೆ. ದೇವರ ಹಾಡನ್ನು ಮಾರಬೇಡಿ ಎನ್ನುವ ಭಾವನೆ ತಪ್ಪಲ್ಲ. ಆದರೆ ಆ ಷರತ್ತು ತಡೆಯುವುದು ಯಾರನ್ನು ಎಂದು ಯೋಚಿಸಿ. ಶಿಡ್ಲಘಟ್ಟದಲ್ಲಿ ಹಳೆಯ ಕಂಪ್ಯೂಟರ್ ದುರಸ್ತಿ ಮಾಡಿ, ಡೆಬಿಯನ್ ಹಾಕಿ ಮಾರುವ ಅಂಗಡಿಯವರನ್ನು. ಇಂಟರ್‌ನೆಟ್ ಇಲ್ಲದ ಹಳ್ಳಿಗೆ ಪೆನ್‌ಡ್ರೈವ್‌ಗೆ ತುಂಬಿ ಇಷ್ಟು ರೂಪಾಯಿ ಎಂದು ಕೊಡುವ ಹುಡುಗನನ್ನು. ಫೀಸು ಪಡೆದು ಪಾಠ ಹೇಳುವ ನಿಮ್ಮ ತರಬೇತಿ ಕೇಂದ್ರವನ್ನೇ! ದೊಡ್ಡ ಕಂಪನಿಗೆ ವಕೀಲರಿದ್ದಾರೆ, ಅದು ದಾರಿ ಹುಡುಕಿಕೊಳ್ಳುತ್ತದೆ. ಷರತ್ತಿಗೆ ಹೆದರಿ ಕೈಬಿಡುವವರು ಸಣ್ಣವರೇ. ತಾತಯ್ಯನವರು ಸ್ವತಃ ಬಳೆ ಮಲಾರ ಹೊತ್ತು ಊರೂರು ತಿರುಗಿ ಮಾರಿ ಸಂಸಾರ ಸಾಕಿದವರು ಎಂಬುದನ್ನು ಕೈವಾರದವರಿಗೆ ನಾನು ಹೇಳಬೇಕಿಲ್ಲ. ನ್ಯಾಯವಾಗಿ ಮಾರಿ ಬದುಕುವುದರಿಂದ ಹಾಡಿನ ಪಾವಿತ್ರ್ಯ ಕೆಡುವುದಿಲ್ಲ.

ಒಂದಕ್ಷರ ಬದಲಿಸಬಾರದು ಎಂಬುದರಲ್ಲಿ ಎರಡು ತೊಡಕಿದೆ. ಮೊದಲನೆಯದು, ಮೂಲ ಪಾಠ ಈಗಾಗಲೇ ಸಾರ್ವಜನಿಕ, ಅದಕ್ಕೆ ಬೇಲಿ ಹಾಕುವ ಹಕ್ಕು ನಿಮಗೂ ಇಲ್ಲ. ಎರಡನೆಯದು, ಬದಲಿಸಲಾಗದ ಭಾಗಗಳನ್ನು ಡೆಬಿಯನ್ ಒಪ್ಪುವುದಿಲ್ಲ. ಗ್ನು ಯೋಜನೆಯ ದಾಖಲೆ ಲೈಸೆನ್ಸಿನ ಬಗ್ಗೆ 2006ರಲ್ಲಿ ಡೆಬಿಯನ್ ಸದಸ್ಯರು ಮತ ಹಾಕಿದಾಗ, ‘ಬದಲಿಸಬಾರದ ಅಧ್ಯಾಯ’ ಇಲ್ಲದಿದ್ದರೆ ಮಾತ್ರ ಮುಕ್ತ ಎಂದು ತೀರ್ಮಾನವಾಯಿತು. ಹಾಗೆಂದು ನಿಮ್ಮ ಆತಂಕಕ್ಕೆ ಮದ್ದಿಲ್ಲ ಎಂದಲ್ಲ. ತಿದ್ದಿದವರು ಬೇರೆ ಹೆಸರಿನಲ್ಲಿ ಹಂಚಬೇಕು ಎಂದು ಕೇಳುವುದನ್ನು ಡೆಬಿಯನ್‌ನ ನಾಲ್ಕನೇ ಮಾರ್ಗಸೂಚಿಯೇ ಒಪ್ಪುತ್ತದೆ. ಓಎಫ್ಎಲ್ ಫಾಂಟ್‌ಗಳು ಇದೇ ರೀತಿ ಹೆಸರು ಕಾಯ್ದಿರಿಸಿಕೊಳ್ಳುತ್ತವೆ. ನಿಮ್ಮ ಕೋಡ್‌ಗೆ ಜಿಪಿಎಲ್ 3, ಧ್ವನಿಗೂ ನೀವೇ ಬರೆದ ವಿವರಣೆಗೂ ಕ್ರಿಯೇಟಿವ್ ಕಾಮನ್ಸ್‌ನ ‘ಬಿವೈ-ಎಸ್ಎ 4.0’ ಹಾಕಿ. ಹೆಸರು ಹೇಳಬೇಕು, ಬದಲಿಸಿದ್ದರೆ ಬದಲಿಸಿದ್ದೇವೆ ಎಂದು ತಿಳಿಸಬೇಕು, ಬದಲಿಸಿದ್ದನ್ನೂ ಹೀಗೆಯೇ ಹಂಚಬೇಕು ಎನ್ನುತ್ತದೆ ಅದು. ‘ಎನ್‌ಸಿ’ ಅಥವಾ ‘ಎನ್‌ಡಿ’ ಎಂಬ ಅಕ್ಷರ ಸೇರಿರುವ ಲೈಸೆನ್ಸ್ ಆರಿಸಬೇಡಿ, ಅವು ವ್ಯಾಪಾರವನ್ನು ಅಥವಾ ಮಾರ್ಪಾಡನ್ನು ತಡೆಯುತ್ತವೆ.

ಇನ್ನು ಮುಂದೆ ಅಪರಿಚಿತ ಲೈಸೆನ್ಸ್ ಎದುರಾದರೆ ಡೆಬಿಯನ್ ಬಳಗದಲ್ಲಿ ಬಳಕೆಯಲ್ಲಿರುವ ಎರಡು ಪರೀಕ್ಷೆ ಮಾಡಿ. ಸಂಪರ್ಕವೇ ಇಲ್ಲದ ದ್ವೀಪದಲ್ಲಿ ಸಿಕ್ಕಿಕೊಂಡವರು ಈ ಷರತ್ತು ಪಾಲಿಸಬಲ್ಲರೇ? ತಿದ್ದಿದ್ದನ್ನು ಮೂಲ ಲೇಖಕರಿಗೆ ಕಳಿಸಲೇಬೇಕು ಎಂಬ ನಿಯಮ ಇಲ್ಲಿ ಸೋಲುತ್ತದೆ. ಲೇಖಕರು ನಾಳೆ ಮನಸ್ಸು ಬದಲಿಸಿದರೆ, ಅವರ ಕಂಪನಿ ದುರುದ್ದೇಶದವರ ಕೈಗೆ ಹೋದರೆ, ಕೊಟ್ಟ ಹಕ್ಕು ಉಳಿಯುತ್ತದೆಯೇ? ‘ಯಾವಾಗ ಬೇಕಾದರೂ ಹಿಂಪಡೆಯುತ್ತೇವೆ’ ಎಂಬ ಲೈಸೆನ್ಸ್ ಇಲ್ಲಿ ಸೋಲುತ್ತದೆ.

ಈ ವಾರದ ಕೆಲಸ

ಒಂದು ನೋಟ್‌ಬುಕ್‌ ತೆಗೆದುಕೊಂಡು ಪ್ಯಾಕೇಜಿನ ಪ್ರತಿ ಕಡತದ ಮುಂದೆ ಮೂರು ಕಾಲಂ ಎಳೆಯಿರಿ: ಬರೆದವರು ಯಾರು, ಯಾವ ವರ್ಷ, ಯಾವ ಲೈಸೆನ್ಸ್. ಐಕಾನ್, ಚಿತ್ರ, ನಿಮ್ಮೂರಿನ ಅಮರನಾರಾಯಣ ದೇವಸ್ಥಾನದ ಫೋಟೊ — ಯಾವುದನ್ನೂ ಬಿಡಬೇಡಿ. ‘ಲೈಸೆನ್ಸ್‌ಚೆಕ್’ ಎಂಬ ಸಾಧನ ಕೋಡ್ ಕಡತಗಳ ತಲೆಬರಹ ಓದಿ ನೆರವಾಗುತ್ತದೆ. ಆದರೆ ಅದನ್ನೇ ಪೂರ್ತಿ ನಂಬದೆ ನಿಮ್ಮ ಕಣ್ಣಿಂದಲೂ ಓದಿ. ಉತ್ತರ ಸಿಗದ ಕಡತವನ್ನು ತೆಗೆಯಿರಿ, ಬದಲಿಸಿ ಅಥವಾ ಹಕ್ಕುದಾರರಿಗೆ ಪತ್ರ ಬರೆಯಿರಿ. ನಾಲ್ಕನೇ ದಾರಿ ಇಲ್ಲ. ಈ ಪಟ್ಟಿಯೇ ಡೆಬಿಯನ್ ಕೇಳುವ ‘ಕಾಪಿರೈಟ್’ ಕಡತವಾಗುತ್ತದೆ. ನಿಮ್ಮ ಕಂಪ್ಯೂಟರಿನಲ್ಲಿರುವ ಗುಬ್ಬಿ ಫಾಂಟ್ ಪ್ಯಾಕೇಜಿನ ಕಾಪಿರೈಟ್ ಕಡತ ತೆರೆದು ನೋಡಿ, ಮಾದರಿ ಸಿಗುತ್ತದೆ. ಹೊಸ ಪ್ಯಾಕೇಜ್ ಬಂದಾಗ ಅಲ್ಲಿನ ತಂಡ ಮೊದಲು ಓದುವುದು ಇದನ್ನೇ.

ಅಮ್ಮನಿಗೆ ಏನು ಹೇಳುವುದು ಎಂದು ಚಿಂತಿಸಬೇಡಿ. ‘ಸ್ವಲ್ಪ ತಡವಾಗುತ್ತದೆ, ಎಲ್ಲರ ಹೆಸರೂ ಹಕ್ಕೂ ಸರಿಯಾಗಿ ಬರೆಯುತ್ತಿದ್ದೇನೆ’ ಎಂದು ಹೇಳಿ. ಅದು ನಿಜವೂ ಹೌದು. ಹುಣ್ಣಿಮೆಯ ದಿನ ಆ ಒಪ್ಪಿಗೆ ಪತ್ರಗಳಿಗೆ ಮೊದಲ ಸಹಿಯನ್ನು ಅವರಿಂದಲೇ ಹಾಕಿಸಿ.